ಇಪ್ಪತ್ತಾರು ಪ್ರಸಂಗಗಳ ಪಾದ್ರಿ

ಅವರು ನಮ್ಮ ಮಳವಳ್ಳಿಗೆ ಬಂದದ್ದು ಆರು ತಿಂಗಳ ಮಟ್ಟಿಗೆ. ಇದ್ದದ್ದು ಏಳು ವರ್ಷ. ನಾನಾಗಿದ್ದರೆ ಮೊದಲನೆಯ ವರ್ಷವೇ ಮದ್ದೂರು ಸ್ಟೇಷನ್ನಿಗೆ ಹೋಗಿ, ಹಾಸಿಗೆ ಸುತ್ತಿಟ್ಟುಕೊಂಡು, ಹಡಗಿನ ಸುದ್ದಿ ಬರುವವರೆಗೂ ಅಲ್ಲೇ ಕೂತುಬಿಡುತ್ತಿದ್ದೆ. ಅವರು ಹಾಗೆ ಮಾಡಲಿಲ್ಲ. ಯಾರ ಮೇಲೂ ರೇಗಾಡಲೂ ಇಲ್ಲ. ಸೋತು ಹೋದರು, ಅಷ್ಟೆ.

ನಮ್ಮ ಚರ್ಚಿನ ಕಾಯಂ ಪಾದ್ರಿಗಳು ರಜೆಯ ಮೇಲೆ ಸ್ವದೇಶಕ್ಕೆ ಹೋಗಿದ್ದರು. ಅವರು ಮರಳುವ ತನಕ ಭಾನುವಾರದ ಪ್ರಸಂಗ, ಅಂದರೆ ಉಪದೇಶ, ನಡೆಸಿಕೊಂಡು, ಸುತ್ತಲ ಹಳ್ಳಿಗಳಿಗೆ ಹೋಗಿ ಬಂದು ಮಾಡಿಕೊಂಡಿರಲೆಂದು ಇವರನ್ನು ಕಳಿಸಿದ್ದರು. ಯುದ್ಧ ಶುರುವಾಗುವುದಕ್ಕೆ ಹಿಂದಿನ ಬೇಸಿಗೆ ಅದು. ಮದ್ದೂರಿನಲ್ಲಿ ರೈಲಿನಿಂದ ಇಳಿದವರನ್ನು ಕರೆತರಲು ಹೋದವನು ನಾನು. ಶಾಲೆಯಲ್ಲಿ ಮೇಷ್ಟ್ರಾಗಿದ್ದೆ, ಭಾನುವಾರ ಪಾದ್ರಿಗಳ ಪಕ್ಕ ನಿಂತು ಅವರ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುವ ದುಭಾಷಿಯೂ ಆಗಿದ್ದೆ. ಆಗಲೇ ವಯಸ್ಸು ಮೂವತ್ತೈದು ದಾಟಿ, ಮೂರು ಮಕ್ಕಳ ತಂದೆಯಾಗಿದ್ದೆ. ಪಾದ್ರಿಗಳು ಉದ್ದಕ್ಕೆ, ಸಣ್ಣಗೆ, ಬಿಸಿಲಿಗೆ ಆಗಲೇ ಮೂಗು ಸುಲಿದುಕೊಂಡು ನಿಂತಿದ್ದರು. ಕೈಯಲ್ಲಿ ಒಂದು ಚರ್ಮದ ಚೀಲ. ಪೆಟ್ಟಿಗೆಯನ್ನು ಕೂಲಿಯವನಿಗೆ ಕೊಟ್ಟರು, ಚೀಲವನ್ನು ನನಗೂ ಕೊಡಲಿಲ್ಲ.

ಆ ಚೀಲದಲ್ಲಿ ಇದ್ದದ್ದು ಇಪ್ಪತ್ತಾರು ಪ್ರಸಂಗಗಳು. ಭಾನುವಾರಕ್ಕೊಂದರಂತೆ ಆರು ತಿಂಗಳಿಗೆ ಲೆಕ್ಕ ಹಾಕಿ, ತಮ್ಮ ದೇಶದಲ್ಲಿ ತಾಯಿಯ ಮನೆಯಲ್ಲಿ ಕೂತು ಬರೆದು, ಒಂದೊಂದಕ್ಕೂ ದಾರ ಕಟ್ಟಿ ತಂದಿದ್ದರು. ಅಕ್ಷರ ದುಂಡಗೆ, ಎಲ್ಲೂ ಚಿತ್ತಿಲ್ಲ. ಬಸ್ಸಿನಲ್ಲಿ ಬರುವಾಗ ಮೊದಲನೆಯದನ್ನು ಬಿಚ್ಚಿ ನನಗೆ ತೋರಿಸಿದರು. ಬೈಬಲಿನ ಕಳೆದುಹೋದ ಕುರಿಯ ವಿಷಯ; ಅದರ ಕೆಳಗಿನದು ಕಳೆದುಹೋದ ಕಾಸಿನದು. ಚೆನ್ನಾಗಿತ್ತು.

ಇಪ್ಪತ್ತಾರೂ ಮುಗಿಯುವ ಹೊತ್ತಿಗೆ ಯುದ್ಧ ಬಂದಿತ್ತು. ಹೋದ ಪಾದ್ರಿಗಳು ಬರಲಿಲ್ಲ, ಬಂದವರಿಗೆ ಹೋಗಲು ಹಡಗು ಸಿಗಲಿಲ್ಲ. ಇಪ್ಪತ್ತೇಳನೆಯ ಭಾನುವಾರದ ಹಿಂದಿನ ಸಾಯಂಕಾಲ ನನ್ನನ್ನು ಕರೆಸಿ, "ಮೊದಲನೆಯದು ಜನಕ್ಕೆ ಮರೆತುಹೋಗಿರಬಹುದು, ಅಲ್ಲವೇ?" ಎಂದು ಕೇಳಿದರು. ಖಂಡಿತ ಮರೆತಿದ್ದಾರೆ ಎಂದೆ. ಮಾರನೆಯ ದಿನ ಕುರಿ ಮತ್ತೆ ಕಳೆದುಹೋಯಿತು. ಹಾಗೆ ಏಳು ವರ್ಷ. ಹೊಸದು ಬರೆಯಬಾರದೇ ಎಂದು ಒಮ್ಮೆ ಕೇಳಿದೆ. "ಅವನ್ನು ಬರೆದಾಗ ನನಗೆ ಹೇಳುವುದಕ್ಕೆ ಬಹಳ ಇತ್ತು. ಇಲ್ಲಿಗೆ ಬಂದು ನಿಮ್ಮನ್ನೆಲ್ಲ ನೋಡಿದ ಮೇಲೆ ಕಡಿಮೆಯಾಗಿದೆ," ಅಂದರು. ಅದು ಹೊಗಳಿಕೆಯೋ ತೆಗಳಿಕೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಚರ್ಚು ಗುಡಿಸಿ ಚಾಪೆ ಹಾಸುತ್ತಿದ್ದವಳು ಸಣ್ಣಮ್ಮ ಎಂಬ ಮುದುಕಿ. ಬಾಯಿ ಜೋರು, ಮಂಡಿ ನೋವು. ಪ್ರತಿ ಭಾನುವಾರ ನಾನು ಒಳಗೆ ಕಾಲಿಡುತ್ತಿದ್ದ ಹಾಗೆಯೇ ಕೇಳುವಳು:

"ಇವತ್ತು ಕಳ್ದೋಗೋದು ಕುರಿಯಾ, ಕಾಸಾ ಮೇಷ್ಟ್ರೇ?"

"ಕುರಿ."

"ಅಂಗಾರೆ ಸಿಕ್ತದೆ ಬುಡಿ."

ಆಕೆಯನ್ನು ಗದರಿಸುವುದು ನನ್ನ ಕರ್ತವ್ಯವಾಗಿತ್ತು. ನಗು ಬರುತ್ತಿತ್ತು, ಸುಮ್ಮನಾಗುತ್ತಿದ್ದೆ.

ಪಾದ್ರಿಗಳಿಗೆ ಬರೆದದ್ದೆಲ್ಲ ಬಾಯಿಪಾಠ, ಪ್ರಸಂಗ ಮಾಡುವಾಗ ಕಣ್ಣು ಮುಚ್ಚಿಕೊಳ್ಳುವರು. ಎರಡು ಮಾತು ಆಡಿ, ಇನ್ನು ನಿನ್ನ ಸರದಿ ಎನ್ನುವುದಕ್ಕೆ ನನ್ನ ಭುಜದ ಮೇಲೆ ಕೈಯಿಡುವರು. ನಾನು ತಿರುಗಿಸಿ ಮುಗಿಸಿದ ಮೇಲೆ ಕೈ ತೆಗೆದು ಮತ್ತೆ ಶುರು. ಎರಡನೆಯ ಸುತ್ತಿನ ಹೊತ್ತಿಗೆ ನನಗೆಲ್ಲ ಬಾಯಿಪಾಠವಾಗಿ, ಅವರು ಒಂದು ಮಾತು ಆಡುವಷ್ಟರಲ್ಲಿ ನಾನು ಮೂರು ಮಾತು ಮುಂದೆ ಹೋಗಿಬಿಡುತ್ತಿದ್ದೆ. ನಾಲೆ ಬಂದ ಮೇಲೆ ನಮ್ಮ ಕಡೆ ಗದ್ದೆಯ ಜೊತೆಗೆ ಸೊಳ್ಳೆಯೂ ಬಂದಿತ್ತಲ್ಲ, ಎರಡನೆಯ ವರ್ಷದಿಂದ ಅವರನ್ನು ಚಳಿಜ್ವರ ಹಿಡಿಯಿತು. ಹದಿನೈದು ದಿನಕ್ಕೊಮ್ಮೆ ನಡುಗುತ್ತ ಮಲಗುವರು, ಎದ್ದು ಕ್ವಿನೈನ್ ನುಂಗುವರು, ಕಿವಿ ಗುಂಯ್ ಎನ್ನುತ್ತದೆ ಎಂದು ಎಲ್ಲರ ಮಾತನ್ನೂ ಎರಡೆರಡು ಸಲ ಕೇಳುವರು. ಜ್ವರದ ಭಾನುವಾರಗಳಲ್ಲಿ ಭುಜದ ಮೇಲಿಟ್ಟ ಕೈಯನ್ನು ತೆಗೆಯುವುದನ್ನೇ ಮರೆಯುತ್ತಿದ್ದರು. ಅವರ ಭಾರವೆಲ್ಲ ನನ್ನ ಮೇಲಿರುತ್ತಿತ್ತು.

ಅವರಿಗೆ ಬರುತ್ತಿದ್ದ ಕನ್ನಡ ಹತ್ತು ಹನ್ನೆರಡು ಮಾತು. ಅದರಲ್ಲಿ ಒಂದನ್ನೇ ದಿನವಿಡೀ ಬಳಸುತ್ತಿದ್ದರು, "ಇರಲಿ". ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಯುದ್ಧಕಾಲದ ಬಸ್ಸು ಏರಿನಲ್ಲಿ ನಿಂತುಹೋಗಿ ಎಲ್ಲರೂ ಇಳಿದು ತಳ್ಳಬೇಕಾದರೆ, ಇರಲಿ. ಊರಿಂದ ಬಂದ ಕಾಗದವನ್ನು ಯುದ್ಧದ ಸೆನ್ಸಾರಿನವರು ಅರ್ಧಕ್ಕೆ ಕತ್ತರಿಸಿ ಕಳಿಸಿದರೆ, ಇರಲಿ. ಪೂರಿಗಾಲಿ ಹಳ್ಳಿಗೆ ಬಿಸಿಲಿನಲ್ಲಿ ನಡೆದುಹೋಗಿ, ಅಲ್ಲಿ ಕೇಳಲು ಇಬ್ಬರು ಮುದುಕರೂ ಒಂದು ಮೇಕೆಯೂ ಇದ್ದರೆ ಅದಕ್ಕೂ ಇರಲಿ ಅಂದು, ಇಡೀ ಪ್ರಸಂಗ ಮಾಡಿ ಬಂದರು. ನಾನು ಅದನ್ನು ಅರ್ಧಕ್ಕೆ ಇಳಿಸಿ ತಿರುಗಿಸಿದೆ. ಊರವರು ಅವರನ್ನು ಇರಲಿ ಪಾದ್ರಿ ಎಂದೇ ಕರೆಯುತ್ತಿದ್ದರು.

ಒಂದೇ ಒಂದು ವಿಷಯಕ್ಕೆ ಅವರು ಇರಲಿ ಅನ್ನಲಿಲ್ಲ.

ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಒಂದೇ ರೊಟ್ಟಿ ಮುರಿದು ಎಲ್ಲರೂ ತಿನ್ನಬೇಕು, ಒಂದೇ ಬಟ್ಟಲಿನಿಂದ ಎಲ್ಲರೂ ಗುಟುಕರಿಸಬೇಕು. ಯುದ್ಧಕಾಲದಲ್ಲಿ ದ್ರಾಕ್ಷಾರಸ ಎಲ್ಲಿಯದು, ಒಣದ್ರಾಕ್ಷಿ ಬೇಯಿಸಿ ಹಿಂಡಿದ ರಸ. ನಮ್ಮ ಸಭೆಯಲ್ಲಿ ಕೂರುವುದಕ್ಕೆ ಎರಡು ಸಾಲು ಚಾಪೆ. ಮುಂದಿನ ಚಾಪೆ ಊರೊಳಗಿನಿಂದ ಬಂದ ಮನೆತನಗಳದ್ದು. ನನ್ನ ಮಾವ ದೇವಪ್ಪಗೌಡರು, ಅವರ ಅಣ್ಣತಮ್ಮಂದಿರು, ನಾನು, ನನ್ನ ಹೆಂಡತಿ. ಬಾಗಿಲ ಹತ್ತಿರದ ಹಿಂದಿನ ಚಾಪೆ ಊರಾಚೆಯ ಕೇರಿಯವರದ್ದು. ಸಣ್ಣಮ್ಮ ಅವರ ಪೈಕಿ. ಹೀಗೆ ಕೂರಬೇಕೆಂದು ಯಾರೂ ಬರೆದಿಟ್ಟಿರಲಿಲ್ಲ. ಬಟ್ಟಲು ಮುಂದಿನಿಂದ ಶುರುವಾಗಿ ಹಿಂದಕ್ಕೆ ಹೋಗುತ್ತಿತ್ತು, ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯುತ್ತಿದ್ದೆವು, ದೇವರ ಮುಂದೆ ಎಲ್ಲರೂ ಒಂದೇ ಎಂದು ನಾನೇ ಎಷ್ಟೋ ಸಲ ತಿರುಗಿಸಿ ಹೇಳಿದ್ದೆ. ಮುಂದಿನವರ ಎಂಜಲು ಹಿಂದಿನವರಿಗೆ ಹೋಗುತ್ತದೆ, ಹಿಂದಿನವರದ್ದು ಮುಂದಿನವರಿಗೆ ಬರುವುದಿಲ್ಲ ಎಂಬ ವಿಷಯ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಪಾದ್ರಿಗಳಿಗೆ ಗೊತ್ತಿರಲಿಲ್ಲ.

ಮೂರನೆಯ ವರ್ಷವಿರಬೇಕು, ಆ ತಿಂಗಳು ಸಣ್ಣಮ್ಮನ ಮಂಡಿ ಬಹಳ ಊದಿತ್ತು. ಇಷ್ಟು ಹೊತ್ತು ಆಕೆ ಕಾಯುವುದು ಬೇಡ ಎನ್ನಿಸಿತೋ ಏನೋ, ಪಾದ್ರಿಗಳು ಬಟ್ಟಲು ಹಿಡಿದು ನೇರ ಬಾಗಿಲ ಹತ್ತಿರ ಹೋದರು. ಮೊದಲು ಸಣ್ಣಮ್ಮನಿಗೆ ಕೊಟ್ಟರು. ಆಕೆ ಗಾಬರಿಯಿಂದ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಕುಡಿದಳು. ಹಿಂದಿನ ಚಾಪೆಯೆಲ್ಲ ಮುಗಿಸಿಕೊಂಡು ಮುಂದಕ್ಕೆ ಬಂದರೆ, ಮಾವ ತಲೆ ತಗ್ಗಿಸಿ ಕೂತಿದ್ದರು, ಎತ್ತಲಿಲ್ಲ. ಪಕ್ಕದವರೂ ಎತ್ತಲಿಲ್ಲ. ಸಾಲು ಸಾಲಾಗಿ ಹನ್ನೊಂದು ಜನ. ಹನ್ನೆರಡನೆಯವನು ನಾನು. ಬಟ್ಟಲು ನನ್ನ ಮೂಗಿನ ಹತ್ತಿರ ಬಂತು, ಹಿಂದಿನವರು ಅಗಿಯುವ ಕಡ್ಡಿಪುಡಿಯ ವಾಸನೆ ಹೊಡೆಯಿತು. ನಾನೂ ತಲೆ ಎತ್ತಲಿಲ್ಲ.

ಬಟ್ಟಲಿನಲ್ಲಿ ಉಳಿದದ್ದನ್ನು ಬಡಿಸಿದವರೇ ಕುಡಿದು ಮುಗಿಸಬೇಕು, ಅದು ಪದ್ಧತಿ. ಹನ್ನೆರಡು ಜನರ ಪಾಲನ್ನು ಅವರು ಒಬ್ಬರೇ, ಎಲ್ಲರೆದುರಿಗೆ ನಿಂತು, ನಿಧಾನವಾಗಿ ಕುಡಿದರು.

ಆಮೇಲೆ ನನ್ನನ್ನು ಕೇಳಿದರು, ಏನಾಯಿತು ಎಂದು. ಅವರವರ ಮನಸ್ಸಿನಲ್ಲಿ ಏನೋ ಪಾಪದ ಭಾರ ಇದ್ದಿರಬೇಕು, ಯೋಗ್ಯರಲ್ಲ ಎಂದು ಬಿಟ್ಟಿದ್ದಾರೆ ಅಂದೆ. ಅವರು ನಂಬಿದರು. ಮೂರು ದಿನ ನಂಬಿಕೊಂಡಿದ್ದರು. ನಾಲ್ಕನೆಯ ದಿನ ಅವರ ಸೈಕಲ್ಲಿನ ಪಂಚರು ಹಾಕುತ್ತಿದ್ದ ಸಾಬರು, ಮೋಟಾರು ವರ್ಕ್‌ಶಾಪಿನಲ್ಲಿ ಕಲಿತಿದ್ದ ಹರಕು ಇಂಗ್ಲಿಷಿನಲ್ಲಿ ವಿಷಯವನ್ನು ನೆಟ್ಟಗೆ ಹೇಳಿಬಿಟ್ಟರು. ನಾನು ಬೈಯಲು ಹೋದೆ.

"ಊರಿಗೆಲ್ಲ ಗೊತ್ತಿರಾದು ಅವರಿಗೊಬ್ರಿಗೆ ಯಾಕೆ ಮುಚ್ಚಿಡಾದು ಮಾಸ್ತರ್ ಸಾಬ್? ಕೇಳಿದ್ರು, ಯೋಳ್ದೆ," ಎಂದು ಟ್ಯೂಬು ಉಜ್ಜುತ್ತಲೇ ಹೇಳಿದರು.

ಮುಂದಿನ ಭಾನುವಾರ ಪಾದ್ರಿಗಳು ಚೀಲ ತರಲಿಲ್ಲ. ಏಳು ವರ್ಷಗಳಲ್ಲಿ ಅವರು ಬರೆಯದೆ ಮಾಡಿದ ಪ್ರಸಂಗ ಅದೊಂದು. ಕಣ್ಣು ತೆರೆದುಕೊಂಡೇ ಮಾತನಾಡಿದರು. ನೀವು ಮೈಗೆ ದೀಕ್ಷಾಸ್ನಾನ ಮಾಡಿಸಿಕೊಂಡಿರಿ, ಬಾಯಿಗೆ ಮಾಡಿಸಿಕೊಳ್ಳಲಿಲ್ಲ ಅಂದರು. ನಾನು ಬದುಕಿರುವವರೆಗೆ ಬಟ್ಟಲು ಬಾಗಿಲಿನಿಂದಲೇ ಬರುತ್ತದೆ, ಕುಡಿಯದವರು ನನ್ನನ್ನೇ ಬೇಡವೆಂದ ಹಾಗೆ ಅಂದರು. ನನ್ನ ಭುಜದ ಮೇಲೆ ಕೈ ಬಂತು. ಮುಂದಿನ ಚಾಪೆಯಿಂದ ಮಾವ ನನ್ನನ್ನೇ ನೋಡುತ್ತಿದ್ದರು. ನಾನು ತಿರುಗಿಸಿದೆ: ಪಾದ್ರಿಗಳು ಹೇಳುತ್ತಿದ್ದಾರೆ, ನಾವೆಲ್ಲರೂ ಶುಚಿಯಾದ ಮನಸ್ಸಿನಿಂದ ಬರಬೇಕು, ವಯಸ್ಸಾದವರಿಗೆ ಮೊದಲು ಕೊಡುವುದು ಒಳ್ಳೆಯ ಪದ್ಧತಿ. ಹಾಗೆಯೇ ಕೊನೆಯವರೆಗೆ, ಅವರು ಬೆಂಕಿ ಇಟ್ಟಲ್ಲೆಲ್ಲ ನಾನು ನೀರು ಹಾಕುತ್ತ ಹೋದೆ. ಮುಗಿದ ಮೇಲೆ ಅವರು ಬೆವರು ಒರೆಸಿಕೊಂಡು, "ಜನ ಶಾಂತವಾಗಿ ಕೇಳಿದರು, ಅಲ್ಲವೇ?" ಅಂದರು. ನನಗೆ ಆ ಹೊತ್ತಿನಲ್ಲಿ ಅವರ ಮೇಲೆ ಸಿಟ್ಟು ಬಂತು. ಇಷ್ಟು ಮುಗ್ಧರು ಇಷ್ಟು ದೂರ ಯಾಕೆ ಬರಬೇಕು ಅನ್ನಿಸಿತು.

ಬಟ್ಟಲು ಅಂದಿನಿಂದ ಬಾಗಿಲಿನಿಂದಲೇ ಶುರು. ಮಾವನೂ ಅವರ ಕಡೆಯವರೂ ಹಾಡು ಮುಗಿಯುತ್ತಿದ್ದ ಹಾಗೆ ಎದ್ದು ಹೋಗುವರು, ಭೋಜನಕ್ಕೆ ನಿಲ್ಲರು. ನಾನು ಎದ್ದು ಹೋಗುವ ಹಾಗಿರಲಿಲ್ಲ, ಕೆಲಸ ಹೋಗುತ್ತದೆ. ನಿಂತು ಕುಡಿಯುವ ಹಾಗೂ ಇರಲಿಲ್ಲ, ಮಾವ ಮನೆಗೆ ಸೇರಿಸುವುದಿಲ್ಲ. ಮಾವನ ಭಯ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಮುದಿವಯಸ್ಸಿನಲ್ಲಿ ಸುಳ್ಳು ಯಾಕೆ, ಮಾವ ನೆಪ ಮಾತ್ರ. ನನ್ನ ಗಂಟಲೇ ಒಪ್ಪುತ್ತಿರಲಿಲ್ಲ. ಕೊನೆಗೆ ಆರಾಧನೆಯ ಪುಸ್ತಕವನ್ನೆಲ್ಲ ತಡಕಾಡಿ ಒಂದು ನಿಯಮ ಕಂಡುಹಿಡಿದೆ. ಪಾದ್ರಿಗಳ ಸಹಾಯಕನಾಗಿ ನಿಂತವನು ಅವರ ನಂತರ, ಸಭೆಗಿಂತ ಮೊದಲು ಕುಡಿಯಬಹುದು. ಪುಸ್ತಕ ತೆಗೆದು ತೋರಿಸಿದೆ. ಅವರು ಓದಿದರು, ನನ್ನ ಮುಖ ನೋಡಿದರು, ಮತ್ತೆ ಪುಸ್ತಕ ನೋಡಿದರು. "ಇರಲಿ," ಅಂದರು.

ಅಲ್ಲಿಂದ ಮುಂದೆ ಅವರ ತುಟಿ ತಾಕಿದ ಬಟ್ಟಲು ಮೊದಲು ನನಗೆ, ಆಮೇಲೆ ಬಾಗಿಲಿಗೆ. ನೋಡುವವರಿಗೆ ಅದು ಭಕ್ತಿ. ಸಣ್ಣಮ್ಮ ಮಾತ್ರ ಒಂದು ದಿನ ಚಾಪೆ ಸುತ್ತುತ್ತ ಅಂದಳು: "ಸಂದೀಲಿ ನುಸುಳ್ಕಬುಟ್ರಿ ಮೇಷ್ಟ್ರೇ. ಓದ್ದೋರು ಓದ್ದೋರೇ ಕಣಪ್ಪ."

ವರ್ಷಗಳು ಹೋದವು. ಅವರ ತಾಯಿ ತೀರಿಕೊಂಡ ಸುದ್ದಿ ನಾಲ್ಕು ತಿಂಗಳು ತಡವಾಗಿ ಬಂತು. ಆ ದಿನವೂ ಪೂರಿಗಾಲಿಗೆ ಹೋಗಬೇಕಾಗಿತ್ತು, ಹೋದೆವು. ದಾರಿಯಲ್ಲಿ ಒಂದು ಹೊಂಗೆಯ ಮರದ ಕೆಳಗೆ ಕೂತು, "ನಾನು ಇಲ್ಲಿ ಏನು ಮಾಡಿದೆ ಎಂದು ಅವಳು ಕೇಳಿದರೆ ಹೇಳಲು ಏನೂ ಇಲ್ಲ. ಆ ಮುಂದಿನ ಚಾಪೆಯಿಂದ ಒಬ್ಬ, ಒಬ್ಬನೇ ಒಬ್ಬ, ಬಾಗಿಲಿನವರ ನಂತರ ಕುಡಿದದ್ದನ್ನು ನೋಡಿ ಹೋದರೆ ನನಗೆ ಸಾಕು," ಅಂದರು. ಆಗ ಅವರಿಗೆ ನಲವತ್ತೈದೂ ಆಗಿರಲಿಲ್ಲ, ಕೂದಲೆಲ್ಲ ನರೆತಿತ್ತು. ನಾನು ಅವರ ಛತ್ರಿ ಎತ್ತಿಕೊಂಡೆ. ಆ ಒಬ್ಬ ಯಾರಾಗಬೇಕಿತ್ತು ಎಂದು ನನಗೆ ಗೊತ್ತಿತ್ತು. ಉಳಿದವರೆಲ್ಲ ಎದ್ದು ಹೋಗಿದ್ದರಲ್ಲ.

ಯುದ್ಧ ಮುಗಿದ ಮರುವರ್ಷ ಹಡಗಿನಲ್ಲಿ ಜಾಗ ಸಿಕ್ಕಿತು. ಅವರ ಕೊನೆಯ ಭಾನುವಾರ ತಿಂಗಳ ಮೊದಲ ಭಾನುವಾರವೇ ಆಗಿತ್ತು. ಜ್ವರ ಬೇರೆ. ರಸವನ್ನು ಹರಸಿ, ತಾವು ಕುಡಿಯದೆ, ಬಟ್ಟಲನ್ನು ನನ್ನ ಎರಡು ಕೈಗಳಲ್ಲಿ ಇಟ್ಟರು.

"ಇವತ್ತು ನೀನು ಬಡಿಸು. ನನ್ನ ಕೈ ನಡುಗುತ್ತದೆ."

"ನಾನು ಇನ್ನೂ ಕುಡಿದಿಲ್ಲ," ಎಂದೆ.

"ನಾನೂ ಕುಡಿದಿಲ್ಲ. ಇವತ್ತು ನಾವಿಬ್ಬರೂ ಕೊನೆಗೆ," ಅಂದರು. ಮೆಟ್ಟಿಲು ಇಳಿದು, ಹಿಂದಿನ ಚಾಪೆಯ ತುದಿಗೆ ಹೋಗಿ, ಉದ್ದನೆಯ ಕಾಲನ್ನು ಹೇಗೋ ಮಡಿಸಿ ಕೂತರು.

ನಾನು ಬಡಿಸಿದೆ. ಬಾಗಿಲಿನಿಂದ ಶುರು, ಸಣ್ಣಮ್ಮ, ಆಕೆಯ ಸೊಸೆ, ಕೇರಿಯ ಒಬ್ಬೊಬ್ಬರೂ. ಕೊನೆಯಲ್ಲಿ ಪಾದ್ರಿಗಳು. ಕುಡಿದು, ಬಟ್ಟಲಿನ ಮೇಲಿಂದ ನನ್ನನ್ನು ನೋಡಿದರು. ಬೇಡುವವರ ನೋಟ ಅದು, ಪರೀಕ್ಷೆ ಮಾಡುವವರದ್ದಲ್ಲ. ಎರಡು ಗುಟುಕು ಉಳಿದಿತ್ತು. ನಾನು ಮೇಜಿನ ಕಡೆ ತಿರುಗಿ, ಸಭೆಗೆ ಬೆನ್ನು ಮಾಡಿ, ಬಟ್ಟಲನ್ನು ಎತ್ತಿದೆ. ತುಟಿಗೆ ತಾಕಿಸಿದೆ. ತುಟಿ ತೆರೆಯಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಹಿಂದಿನಿಂದ ಯಾರೋ ಬಿಕ್ಕಿದ ಸದ್ದು ಕೇಳಿತು, ಅದು ಅವರೇ. ಬಟ್ಟಲನ್ನು ತೊಳೆಯುವ ನೆಪದಲ್ಲಿ ಹಿಂದಿನ ಕೋಣೆಗೆ ನಡೆದು, ಹಿತ್ತಲ ಬಾಗಿಲು ತೆಗೆದು, ಗೋಡೆಯ ಬುಡಕ್ಕೆ ಸುರಿದುಬಿಟ್ಟೆ.

ನೀರಿನ ಚೊಂಬು ತರಲು ಅದೇ ಬಾಗಿಲಿಗೆ ಸುತ್ತಿಕೊಂಡು ಬಂದ ಸಣ್ಣಮ್ಮ ನಿಂತು ನೋಡಿದಳು.

"ಚೆಲ್ಬುಟ್ರಾ?"

ನಾನು ಬಟ್ಟಲನ್ನು ಬೆನ್ನ ಹಿಂದಕ್ಕೆ ಹಿಡಿದೆ.

"ಒಸಿ ನೀರ್ ಉಯ್ದುಬುಡಿ ಮೇಷ್ಟ್ರೇ. ಸೀ ಅದೆ, ಇರ್ವೆ ಮುತ್ಕತವೆ," ಎಂದು ಚೊಂಬನ್ನು ನನ್ನ ಕಾಲ ಬಳಿ ಇಟ್ಟು ಹೋದಳು.

ಒಳಗೆ ಬಂದಾಗ ಪಾದ್ರಿಗಳು ನನ್ನನ್ನು ತಬ್ಬಿಕೊಂಡರು. ಅವರ ಮೈ ಜ್ವರದಿಂದ ಸುಡುತ್ತಿತ್ತು. ಮಾರನೆಯ ದಿನ ಬಸ್ಸು ಹತ್ತಿಸಿದೆ. ಪ್ರಸಂಗಗಳ ಚೀಲವನ್ನು ನನಗೇ ಕೊಟ್ಟರು, ನಿನಗೆ ನನಗಿಂತ ಚೆನ್ನಾಗಿ ಬರುತ್ತದೆ ಎಂದು ನಕ್ಕರು. ಆ ಏಳು ವರ್ಷಗಳಲ್ಲಿ ಅವರು ಹಾಗೆ ಹಗುರಾಗಿ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಅವರ ನಂತರ ಬಂದ ಪಾದ್ರಿಗಳು ಕನ್ನಡದವರೇ. ದುಭಾಷಿಯ ಅಗತ್ಯವಿರಲಿಲ್ಲ, ಸಹಾಯಕನಾಗಿ ಮಾತ್ರ ಉಳಿದೆ. ಬಟ್ಟಲು ಬಾಗಿಲಿನಿಂದ, ಸಹಾಯಕನಿಗೆ ಅದಕ್ಕೂ ಮೊದಲು, ಈ ಏರ್ಪಾಡನ್ನು ಅವರು ಹಾಗೆಯೇ ಇಟ್ಟುಕೊಂಡರು. ಸ್ವಾತಂತ್ರ್ಯ ಬಂದ ವರ್ಷದ ಕೊನೆಯಲ್ಲಿ ಒಂದು ಕಾಗದ ಬಂತು. ಹಳೆಯ ಪಾದ್ರಿಗಳ ತಂಗಿ ಬರೆದಿದ್ದರು. ಅಣ್ಣ ಊರಿಗೆ ಬಂದ ಮೇಲೆ ಚೇತರಿಸಿಕೊಳ್ಳಲೇ ಇಲ್ಲ, ಹೋದ ತಿಂಗಳು ತೀರಿಕೊಂಡರು ಎಂದು. ಹೊಸ ಪಾದ್ರಿಗಳು ಅದನ್ನು ನನ್ನ ಕೈಗೆ ಕೊಟ್ಟು, ಅವರ ಮಾತು ತಿರುಗಿಸುತ್ತಿದ್ದವರು ನೀವು, ಸಭೆಗೆ ನೀವೇ ಓದಿ ಹೇಳಿ ಅಂದರು.

ಓದುತ್ತ ಹೋದೆ. ಕೊನೆಯಲ್ಲಿ ಹೀಗಿತ್ತು: "ನಮ್ಮ ಊರಿನ ಚರ್ಚಿನಲ್ಲಿ ಅವನು ಮಾತನಾಡಿದ್ದು ಒಂದೇ ಸಲ. 'ನಾನು ಏಳು ವರ್ಷದಲ್ಲಿ ಏನನ್ನೂ ಸಾಧಿಸಲಿಲ್ಲ, ಆದರೆ ನನ್ನ ದುಭಾಷಿ ಕೊನೆಯ ದಿನ ಎಲ್ಲರ ನಂತರ, ನನ್ನ ಕಣ್ಣೆದುರಿಗೆ, ಬಟ್ಟಲನ್ನು ಬರಿದು ಮಾಡಿದ, ಅಷ್ಟಕ್ಕೆ ನಾನು ಹೋಗಿ ಬಂದದ್ದು ಸಾರ್ಥಕ' ಎಂದ. ಸಾಯುವ ದಿನವೂ ಅದನ್ನೇ ಹೇಳಿದ."

ಅವರ ಮಾತಿಗೆ ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ ನಾನು ಕನ್ನಡಕ್ಕೆ ತಿರುಗಿಸಿದ್ದು ಜೀವಮಾನದಲ್ಲಿ ಅದೊಂದೇ ಸಲ. ಹಿಂದಿನ ಚಾಪೆಯ ಹೆಂಗಸರು ಕಣ್ಣೊರೆಸಿಕೊಂಡರು. ಸಣ್ಣಮ್ಮ ಒರೆಸಿಕೊಳ್ಳಲಿಲ್ಲ. ನನ್ನನ್ನು ನೋಡುತ್ತ ಕೂತಿದ್ದವಳು, ಎಲ್ಲರಿಗಿಂತ ಮೊದಲು, ಗಟ್ಟಿಯಾಗಿ, "ಆಮೆನ್" ಅಂದಳು. ಸಭೆಯೆಲ್ಲ ಆಮೆನ್ ಅಂದಿತು. ಆಮೇಲೆ ಬಟ್ಟಲು ಬಂತು. ಎಂದಿನಂತೆ ಮೊದಲು ನನಗೆ ಕೊಟ್ಟರು, ಕುಡಿದೆ.

ಚರ್ಚು ಬಿಟ್ಟ ಮೇಲೆ ಬೀದಿಯ ತಿರುವಿನಲ್ಲಿ, ಕಾಗದ ಕೇಳಿಸಿಕೊಂಡು ಭೋಜನಕ್ಕೆ ಮೊದಲೇ ಎದ್ದುಹೋಗಿದ್ದ ಮಾವ ನನಗಾಗಿ ಕಾಯುತ್ತ ನಿಂತಿದ್ದರು. ಮುಖ ಕಪ್ಪಿಟ್ಟಿತ್ತು.

"ಆ ಕಾಗದ್ದಾಗೆ ಬರ್ದಿರಾದು ದಿಟವೇನಯ್ಯಾ? ಅವರೆಲ್ಲ ಕುಡ್ದುದ್ಮೇಲೆ ಕುಡ್ದೇನು ನೀನು?"

"ಇಲ್ಲ ಮಾವ. ಹಿತ್ತಲಿಗೆ ಚೆಲ್ಲಿದೆ."

"ಸದ್ಯ," ಎಂದು ಮಾವ ಉಸಿರು ಬಿಟ್ಟರು. "ನಮ್ ಮಾನ ಉಳುಸ್ದೆ ಕಣಪ್ಪಾ. ನಡಿ, ಉಂಡ್ಕಂಡು ಓಗಿವಂತೆ."

ಅವರ ಮನೆಗೆ ಹೋಗಿ ಉಂಡೆ. ಪಾದ್ರಿಗಳ ತಂಗಿಗೆ ಸಮಾಧಾನದ ಕಾಗದ ಬರೆಯುವಾಗ ಆ ವಿಷಯ ಎತ್ತಲಿಲ್ಲ. ಚೆಲ್ಲಿದೆ ಎಂದು ನಾನು ಬಾಯಿಬಿಟ್ಟು ಹೇಳಿದ್ದು ಮಾವನೊಬ್ಬರಿಗೆ ಮಾತ್ರ.